ತುರ್ತು ಕರೆ: ಮೊದಲು ಜಾಗ ಹೇಳಿ, ಫೋನ್ ಇಡಬೇಡಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ಮೂಲೆಯಲ್ಲಿ, ಕ್ಯಾಲೆಂಡರಿನ ಬೆನ್ನ ಮೇಲೆ, ಲಿಫ್ಟಿನ ಗೋಡೆಯಲ್ಲಿ ತುರ್ತು ಸಂಖ್ಯೆಗಳ ಪಟ್ಟಿ ಇರುತ್ತದೆ. ಸಂಖ್ಯೆ ಒತ್ತಿದ ಮೇಲೆ ಬಾಯಿಬಿಟ್ಟು ಏನು ಹೇಳಬೇಕು ಎಂಬುದು ಮಾತ್ರ ಎಲ್ಲೂ ಬರೆದಿರುವುದಿಲ್ಲ. ತುರ್ತು ಕರೆ ತೆಗೆದುಕೊಳ್ಳುವ ಕೆಲಸವನ್ನು ಹತ್ತಿರದಿಂದ ಬಲ್ಲ ನಾವು ಕೆಲವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಸಂಖ್ಯೆ ಗೊತ್ತಿಲ್ಲದೆ ತಡವಾಗುವುದಕ್ಕಿಂತ, ಸಂಖ್ಯೆ ಸಿಕ್ಕಿದ ಮೇಲೆ ಮಾತು ದಾರಿ ತಪ್ಪಿ ತಡವಾಗುವುದೇ ಹೆಚ್ಚು.

ಇಂಥ ವಿಷಯಕ್ಕೆ ವಾಚಕರ ವಾಣಿ ಸರಿಯಾದ ಜಾಗವೇ ಎಂದು ಯಾರಾದರೂ ಕೇಳಿದರೆ ಒಂದು ಹಳೆಯ ಸಂಗತಿ ಇದೆ. 1935ರ ನವೆಂಬರಿನಲ್ಲಿ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಹೆಂಗಸರು ಸತ್ತರು. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಹೊರಟ ನೆರೆಮನೆಯವರನ್ನು ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲರ ಜೊತೆ ಸರದಿಯಲ್ಲಿ ಕಾಯಿಸಿತ್ತು. ಅವರು ಸಿಟ್ಟಿನಿಂದ ‘ದಿ ಟೈಮ್ಸ್’ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದರು, ಸರ್ಕಾರ ತನಿಖೆಗೆ ಇಳಿಯಿತು, 1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಎಂಬ ತುರ್ತು ಸಂಖ್ಯೆ ಶುರುವಾಯಿತು. ಸರದಿಯ ಸಮಸ್ಯೆ ಹೀಗೆ ಬಗೆಹರಿಯಿತು. ಕರೆ ಮಾಡುವವರ ಮಾತಿನ ಸಮಸ್ಯೆ ಹಾಗೇ ಉಳಿದಿದೆ.

ಮೊದಲ ವಾಕ್ಯದಲ್ಲಿ ಜಾಗ ಬರಬೇಕು. ಏನಾಯಿತು ಎನ್ನುವುದು ಎರಡನೆಯದು. ಗಾಬರಿಯಲ್ಲಿರುವ ಮನುಷ್ಯನಿಗೆ ಇದು ತಲೆಕೆಳಗಾಗಿ ಕಾಣುತ್ತದೆ. ಕಣ್ಣೆದುರು ಅಪ್ಪ ಬಿದ್ದಿರುವಾಗ ನಾಲಗೆಗೆ ಮೊದಲು ಬರುವುದು ಅಪ್ಪನೇ, ಮನೆ ನಂಬರಲ್ಲ. ಆದರೆ ಹತ್ತು ಸೆಕೆಂಡಿಗೆ ಸಿಗ್ನಲ್ ಹೋಯಿತು ಅಥವಾ ಬ್ಯಾಟರಿ ಮುಗಿಯಿತು ಎಂದಿಟ್ಟುಕೊಳ್ಳಿ. ‘ನಮ್ಮಪ್ಪ ಬಿದ್ದುಬಿಟ್ಟರು, ಬೆಳಿಗ್ಗೆಯಿಂದ ಎದೆನೋವು ಅಂತಿದ್ರು’ ಎಂಬಷ್ಟು ಮಾತು ಕೇಂದ್ರಕ್ಕೆ ತಲುಪಿದ್ದರೆ ವಾಹನ ಹೊರಡಲಾರದು. ಊರು, ಬಡಾವಣೆ, ರಸ್ತೆ, ಮನೆ ನಂಬರ್ ತಲುಪಿದ್ದರೆ ಏನಾಗಿದೆ ಎಂದು ಗೊತ್ತಿಲ್ಲದಿದ್ದರೂ ಯಾರನ್ನಾದರೂ ಕಳಿಸಬಹುದು. ಆದ್ದರಿಂದ ಮಾತು ಹೀಗೆ ಶುರುವಾಗಲಿ: ‘ಇಂಥ ಊರು, ಇಂಥ ಬಡಾವಣೆ, ಮೂರನೇ ಅಡ್ಡರಸ್ತೆ, ಮನೆ ನಂಬರ್ 46, ಎರಡನೇ ಮಹಡಿ. ಆಂಬುಲೆನ್ಸ್ ಬೇಕು. 60 ವರ್ಷದ ಗಂಡಸು ಕುಸಿದು ಬಿದ್ದಿದ್ದಾರೆ, ಕೂಗಿದರೆ ಎಚ್ಚರವಾಗುತ್ತಿಲ್ಲ.’ ಹದಿನೈದು ಸೆಕೆಂಡು ಸಾಕು.

‘ಈಗ ಮೊಬೈಲಿನಲ್ಲಿ ಲೊಕೇಶನ್ ತಾನಾಗಿಯೇ ಹೋಗುತ್ತದಲ್ಲ’ ಎನ್ನುವವರಿದ್ದಾರೆ. ಅರ್ಧ ನಿಜ. ತುರ್ತು ಸಂಖ್ಯೆ ಒತ್ತಿದಾಗ ಫೋನು ತನ್ನ ಜಿಪಿಎಸ್, ವೈಫೈ ಆಧಾರದ ಸ್ಥಾನವನ್ನು ತಾನೇ ಕಳಿಸುವ ವ್ಯವಸ್ಥೆ ಆಂಡ್ರಾಯ್ಡ್ ಫೋನುಗಳಿಗೆ 2016ರಿಂದ, ಐಫೋನಿಗೆ 2018ರಿಂದ ಬಂದಿದೆ. ಆದರೆ ಅದನ್ನು ಓದುವ ಸಲಕರಣೆ ಕರೆ ತೆಗೆದುಕೊಳ್ಳುವ ಕೇಂದ್ರದಲ್ಲಿಯೂ ಇರಬೇಕು. ಇಲ್ಲದಿದ್ದರೆ ಅವರಿಗೆ ಕಾಣುವುದು ಹತ್ತಿರದ ಟವರ್ ಮಾತ್ರ. ಪೇಟೆಯಲ್ಲಿ ಅದು ಕೆಲವು ನೂರು ಮೀಟರಿನ ವೃತ್ತ, ಬಯಲಿನಲ್ಲಿ ಕೆಲವು ಕಿಲೋಮೀಟರಿನ ವೃತ್ತ. ಸ್ಥಾನ ಕರಾರುವಾಕ್ಕಾಗಿ ಬಂದರೂ ಮಹಡಿ ಯಾವುದು, ಬಾಗಿಲು ಯಾವುದು ಎಂಬುದು ಅದರಲ್ಲಿ ತಿಳಿಯುವುದಿಲ್ಲ.

ಇನ್ನೂ ಮುಖ್ಯವಾದ ವಿಷಯ, ಫೋನು ತೋರಿಸುವುದು ಫೋನಿರುವ ಜಾಗವನ್ನು. ಘಟನೆ ನಡೆದ ಜಾಗವನ್ನಲ್ಲ. ಬಸ್ಸಿನಲ್ಲಿ ಹೋಗುತ್ತಾ ಅಪಘಾತ ಕಂಡವರು ನಾಲ್ಕು ನಿಮಿಷ ಬಿಟ್ಟು ಕರೆ ಮಾಡಿದರೆ ಪರದೆಯ ಮೇಲಿನ ಚುಕ್ಕೆ ಮೂರು ಕಿಲೋಮೀಟರ್ ಮುಂದೆ ಬಿದ್ದಿರುತ್ತದೆ. ‘ನಾನೀಗ ಅಲ್ಲಿಲ್ಲ, ಆ ಜಾಗ ದಾಟಿ ಸುಮಾರು ಮೂರು ಕಿಲೋಮೀಟರ್ ಬಂದಿದ್ದೇನೆ’ ಎಂದು ಹೇಳದಿದ್ದರೆ ವಾಹನ ಬರಿ ರಸ್ತೆಗೆ ಬಂದು ನಿಲ್ಲುತ್ತದೆ.

ಬೇರೆ ಊರಿನಲ್ಲಿರುವ ಮಕ್ಕಳು ಇನ್ನೊಂದು ವಿಷಯ ಗಮನಿಸಬೇಕು. ತುರ್ತು ಸಂಖ್ಯೆ ಒತ್ತಿದರೆ ಕರೆ ಹೋಗುವುದು ನೀವು ನಿಂತಿರುವ ಪ್ರದೇಶದ ಕೇಂದ್ರಕ್ಕೆ, ಅಮ್ಮ ಇರುವ ಊರಿನ ಕೇಂದ್ರಕ್ಕಲ್ಲ. ಅಮ್ಮ ನಿಮಗೆ ಫೋನ್ ಮಾಡಿ ‘ಎದೆ ಹಿಡಿದಂಗಾಗ್ತಿದೆ’ ಎಂದರೆ, ಅಮ್ಮನಿಗೆ ಬೆರಳಾಡಿಸುವ ಶಕ್ತಿ ಇದ್ದಲ್ಲಿ ಅವರೇ ತುರ್ತು ಸಂಖ್ಯೆ ಒತ್ತುವುದು ಮೇಲು. ಆಗದಿದ್ದರೆ ಪಕ್ಕದ ಮನೆಯವರಿಗೆ ಹೇಳಿ ಅವರಿಂದ ಒತ್ತಿಸಿ. ಅದೂ ಆಗದಿದ್ದರೆ ನೀವೇ ಕರೆ ಮಾಡಿ, ಆದರೆ ಮೊದಲ ಮಾತೇ ‘ಘಟನೆ ಬೇರೆ ಊರಿನಲ್ಲಿ’ ಎಂದಿರಲಿ. ವರ್ಗಾಯಿಸುವ ದಾರಿ ಕೇಂದ್ರದವರಿಗೆ ಗೊತ್ತಿರುತ್ತದೆ. ಅಮ್ಮನ ಪಕ್ಕದ ಮನೆಯವರ ಸಂಖ್ಯೆ ನಿಮ್ಮ ಫೋನಿನಲ್ಲಿ ಇದೆಯೇ ಎಂದು ಈ ಪತ್ರ ಓದುತ್ತಿರುವಾಗಲೇ ನೋಡಿಕೊಂಡರೆ ಒಳ್ಳೆಯದು.

ವಿಳಾಸ ಹೇಳುವುದೂ ಒಂದು ಕಲೆ. ‘ಅಂಗಡಿ ಹಿಂದೆ’ ಎಂದರೆ ಅಂಗಡಿಯ ಬೆನ್ನಿಗೋ, ಬರುವ ದಾರಿಯಲ್ಲಿ ಅಂಗಡಿಗಿಂತ ಮೊದಲೋ? ‘ಬಲಕ್ಕೆ’ ಎಂದರೆ ಯಾವ ಕಡೆಯಿಂದ ಬರುವವರ ಬಲ? ‘ಮುಖ್ಯರಸ್ತೆಯಿಂದ ಒಳಗೆ ಬಂದರೆ ಎಡಕ್ಕೆ ನಾಲ್ಕನೇ ಗೇಟು, ನೀಲಿ ಬಣ್ಣ’ ಎಂದರೆ ತಪ್ಪುವ ಸಾಧ್ಯತೆ ಕಡಿಮೆ. ಗುರುತು ಹೇಳುವಾಗ ಆ ಹೊತ್ತಿನಲ್ಲಿ ಕಾಣುವ ಗುರುತನ್ನೇ ಹೇಳಿ. ರಾತ್ರಿ ಎರಡು ಗಂಟೆಗೆ ಹಳದಿ ಬಣ್ಣದ ಕಾಂಪೌಂಡು ಯಾರಿಗೂ ಕಾಣದು, ಉರಿಯುವ ದೀಪದ ಬೋರ್ಡು ಕಾಣುತ್ತದೆ. ಒಂದೇ ಹೆಸರಿನ ಊರು, ಒಂದೇ ಹೆಸರಿನ ರಸ್ತೆ ಬೇಕಾದಷ್ಟಿರುತ್ತವೆ, ಹಾಗಾಗಿ ತಾಲ್ಲೂಕೋ ಪಿನ್ ಕೋಡೋ ಸೇರಿಸಿ. ಮಹಡಿ ಎಣಿಸುವುದರಲ್ಲಿ ಜಗಳವೇ ಇದೆ. ಒಬ್ಬರ ಮೊದಲ ಮಹಡಿ ಇನ್ನೊಬ್ಬರ ಎರಡನೆಯದು. ‘ನೆಲದಿಂದ ಎರಡು ಮೆಟ್ಟಿಲಸಾಲು ಹತ್ತಬೇಕು’ ಎಂದರೆ ಜಗಳ ಮುಗಿಯಿತು.

ಹೆದ್ದಾರಿಯಲ್ಲಾದರೆ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ, ರಸ್ತೆಯ ಸಂಖ್ಯೆ, ಯಾವ ಊರಿನಿಂದ ಯಾವ ಊರಿಗೆ ಹೋಗುವ ಬದಿ ಎಂಬ ಮೂರನ್ನೂ ಹೇಳಬೇಕು. ನಡುವೆ ವಿಭಜಕವಿದ್ದರೆ ತಪ್ಪು ಬದಿಗೆ ಬಂದ ವಾಹನ ತಿರುಗಿ ಬರಲು ಹಲವು ಕಿಲೋಮೀಟರ್ ಹೋಗಬೇಕಾಗಬಹುದು. ಕಲ್ಲೂ ಇಲ್ಲ, ಮನೆಯೂ ಇಲ್ಲ ಎನ್ನುವ ಕಡೆ ನಕ್ಷೆಯ ಆ್ಯಪ್ ತೆರೆದು ನೀಲಿ ಚುಕ್ಕೆಯ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಸಿಗುತ್ತವೆ. ಅಕ್ಷಾಂಶ ಮೊದಲು ಓದಿ, ರೇಖಾಂಶ ಆಮೇಲೆ. ಚುಕ್ಕಿಯ ನಂತರ ನಾಲ್ಕು ಅಂಕಿ ಓದಿದರೆ ಹತ್ತು ಹನ್ನೊಂದು ಮೀಟರ್ ಒಳಗೆ ಜಾಗ ಸಿಕ್ಕಿತು. ಎರಡೇ ಅಂಕಿಗೆ ನಿಲ್ಲಿಸಿದರೆ ಕಿಲೋಮೀಟರಿನಷ್ಟು ವ್ಯತ್ಯಾಸ ಬಂದೀತು.

ಅಂಕಿ ಓದುವಾಗ ಕನ್ನಡದಲ್ಲಿ ಒಂದು ತೊಡಕಿದೆ. ‘ಎರಡು ಏಳು’ ಎಂದರೆ 27ರ ಅಂಕಿಗಳೋ, 77ಓ? ‘ಮೂರು ಸೊನ್ನೆ’ ಎಂದರೆ 30ಓ, 000ಓ? ಫೋನಿನ ಕರಕರ ಸದ್ದಿನಲ್ಲಿ ಇಪ್ಪತ್ತು ಮತ್ತು ಎಪ್ಪತ್ತು ಒಂದೇ ಥರ ಕೇಳುತ್ತವೆ, ಆರು ಮತ್ತು ನೂರು ಕೂಡ. ಆದ್ದರಿಂದ ಜೋಡಿ ಮಾಡದೆ ಒಂದೊಂದೇ ಅಂಕಿ ಬಿಡಿಸಿ ಹೇಳಿ: ಏಳು, ಏಳು, ಸೊನ್ನೆ, ಎರಡು. ಆ ಕಡೆಯವರು ತಿರುಗಿ ಓದುತ್ತಾರೆ. ಅವರು ಓದಿ ಮುಗಿಸುವವರೆಗೆ ಸುಮ್ಮನಿದ್ದು, ತಪ್ಪಿದ್ದರೆ ತಿದ್ದಿ. ಅವಸರಕ್ಕೆ ‘ಹ್ಞೂಂ ಹ್ಞೂಂ’ ಎಂದುಬಿಡುವುದರಿಂದ ಎಷ್ಟೋ ವಾಹನಗಳು ದಾರಿ ತಪ್ಪುತ್ತವೆ.

ಜಾಗವಾದ ಮೇಲೆ ನಿಮ್ಮ ಫೋನ್ ಸಂಖ್ಯೆ. ಪರದೆಯಲ್ಲಿ ಕಾಣುತ್ತದಾದರೂ ಒಮ್ಮೆ ಹೇಳುವುದು ಒಳ್ಳೆಯದು, ಏಕೆಂದರೆ ಎಷ್ಟೋ ಜನ ಬೇರೆಯವರ ಫೋನಿನಿಂದ ಮಾಡಿರುತ್ತಾರೆ. ಜಿಎಸ್‌ಎಂ ಎಂಬ ಮಾದರಿಯ ಮೊಬೈಲ್ ಫೋನುಗಳಲ್ಲಿ 112 ಎಂಬುದು ಜಗತ್ತಿನಾದ್ಯಂತ ತುರ್ತು ಸಂಖ್ಯೆಯೆಂದೇ ಗುರುತಾಗಿದೆ. ಫೋನು ಲಾಕ್ ಆಗಿದ್ದರೂ ‘ಎಮರ್ಜೆನ್ಸಿ’ ಎಂಬಲ್ಲಿ ಒತ್ತಿ ಮಾಡಬಹುದು. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ ಅದರ ಮೂಲಕ ಹೋಗಬಹುದು. ಪರದೆಯ ಮೇಲೆ ‘ತುರ್ತು ಕರೆ ಮಾತ್ರ’ ಎಂದು ಬರುವುದರ ಅರ್ಥ ಅದೇ. ಸಿಮ್ ಇಲ್ಲದ ಫೋನಿನಿಂದ ಕೆಲವು ದೇಶಗಳಲ್ಲಿ ಕರೆ ಹೋಗುತ್ತದೆ, ಬ್ರಿಟನ್, ಜರ್ಮನಿಯಂಥ ಕಡೆ ಹೋಗುವುದಿಲ್ಲ. ಹೋದರೂ ಕೇಂದ್ರದವರು ತಿರುಗಿ ಕರೆಯಲಾರರು, ಹಾಗಾಗಿ ಕಟ್ ಆಗದಂತೆ ನೋಡಿಕೊಳ್ಳಬೇಕಾದ್ದು ನೀವೇ. ಇಂಟರ್‌ನೆಟ್ ಕರೆಯ ಆ್ಯಪ್‌ಗಳನ್ನು ನಂಬಬೇಡಿ. ಅವು ಸಾಮಾನ್ಯವಾಗಿ ತುರ್ತು ಸಂಖ್ಯೆಗೆ ಸೇರಿಸುವುದಿಲ್ಲ.

ಇನ್ನು ಏನಾಯಿತು ಎಂಬ ಭಾಗ. ರೋಗದ ಹೆಸರು ಹೇಳಲು ಹೋಗದೆ ಕಂಡದ್ದನ್ನು ಹೇಳಿ. ‘ಹಾರ್ಟ್ ಅಟ್ಯಾಕ್’ ಎಂದರೆ ಅದು ನಿಮ್ಮ ತೀರ್ಮಾನ. ‘ಎದೆ ಮೇಲೆ ಭಾರ ಇಟ್ಟಂತೆ ಅಂತಾರೆ, ಬೆವರು ಸುರೀತಿದೆ, ಮೈ ತಣ್ಣಗಿದೆ, ಅರ್ಧ ಗಂಟೆಯಾಯಿತು’ ಎಂದರೆ ಅದು ಮಾಹಿತಿ. ‘ತುಂಬಾ ಸೀರಿಯಸ್’ ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ, ಕರೆ ಮಾಡುವವರೆಲ್ಲರೂ ಅದನ್ನೇ ಹೇಳುತ್ತಾರೆ. ನಮ್ಮ ಭಾಷೆಯ ಕೆಲವು ಪದಗಳು ಈ ಹೊತ್ತಿನಲ್ಲಿ ಕಾಲಿಗೆ ತೊಡರುತ್ತವೆ. ‘ಮೂರ್ಛೆ’ ಎಂದರೆ ಎಚ್ಚರ ತಪ್ಪಿದ್ದೂ ಹೌದು, ಕೈಕಾಲು ಅದುರುವ ಅಪಸ್ಮಾರವೂ ಹೌದು. ‘ತಲೆಸುತ್ತಿ ಬಿದ್ದರು’ ಎಂದರೆ ಈಗ ಎದ್ದು ಕೂತಿದ್ದಾರೋ, ಬಿದ್ದೇ ಇದ್ದಾರೋ ತಿಳಿಯದು. ‘ನಮ್ಮನೆಯವರು’ ಎಂದರೆ ಗಂಡನೋ, ಮನೆಮಂದಿಯೋ? ಗಂಡಸೋ ಹೆಂಗಸೋ, ವಯಸ್ಸೆಷ್ಟು, ಎಚ್ಚರ ಇದೆಯೋ ಇಲ್ಲವೋ, ಉಸಿರಾಟ ಹೇಗಿದೆ ಎಂದು ನೇರವಾಗಿ ಹೇಳಿಬಿಡಿ.

‘ಆಂಬುಲೆನ್ಸ್ ಕಳಿಸೋದು ಬಿಟ್ಟು ಪ್ರಶ್ನೆ ಕೇಳ್ತಾ ಕೂತಿದ್ದೀರಲ್ಲ’ ಎಂಬ ಬೈಗುಳ ಈ ಕೆಲಸದಲ್ಲಿರುವವರಿಗೆಲ್ಲ ಬಾಯಿಪಾಠ. ಸುಸಜ್ಜಿತ ಕೇಂದ್ರಗಳಲ್ಲಿ ಮಾತಾಡುವವರು ಒಬ್ಬರು, ವಾಹನ ಕಳಿಸುವವರು ಇನ್ನೊಬ್ಬರು. ಮೊದಲನೆಯವರು ಬರೆದುಕೊಂಡದ್ದು ಆ ಕ್ಷಣವೇ ಎರಡನೆಯವರ ಪರದೆಯಲ್ಲಿ ಮೂಡುತ್ತದೆ. ನೀವು ಉತ್ತರಿಸುತ್ತಿರುವಾಗಲೇ ಚಕ್ರ ಉರುಳಿರುತ್ತದೆ. ಮುಂದಿನ ಪ್ರಶ್ನೆಗಳು ಯಾವ ವಾಹನ, ಎಷ್ಟು ವಾಹನ, ಏನು ಸಲಕರಣೆ ಎಂಬುದಕ್ಕೆ. ಕಿರುಚಿದರೆ ಮೈಕ್ ಒಡೆದು ಮಾತು ಅರ್ಥವಾಗುವುದಿಲ್ಲ. ಆ ಕಡೆಯವರು ಒಂದೇ ವಾಕ್ಯವನ್ನು ಅದೇ ದನಿಯಲ್ಲಿ ಮೂರು ಸಲ ಹೇಳಿದರೆ ಅದು ಯಂತ್ರದ ಮೊಂಡುತನ ಎಂದುಕೊಳ್ಳಬೇಡಿ. ಗಾಬರಿಯಾದವರ ಕಿವಿಗೆ ಮಾತು ಇಳಿಯಲು ಬೇಕೆಂದೇ ಹಾಗೆ ಹೇಳುತ್ತಾರೆ.

ಆ ಪ್ರಶ್ನೆಗಳಲ್ಲಿ ಎರಡಕ್ಕೆ ಉಳಿದವೆಲ್ಲಕ್ಕಿಂತ ತೂಕ ಹೆಚ್ಚು: ಎಚ್ಚರ ಇದೆಯೇ? ಉಸಿರಾಟ ಸಹಜವಾಗಿದೆಯೇ? ಎರಡನೆಯದಕ್ಕೆ ಬಹಳ ಜನ ತಪ್ಪು ಉತ್ತರ ಕೊಡುತ್ತಾರೆ. ಹೃದಯ ನಿಂತ ಮೇಲೆಯೂ ಮೊದಲ ಕೆಲವು ನಿಮಿಷ ಕೆಲವರು ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಏದುಸಿರಿನಂತೆ, ಗೊರಕೆಯಂತೆ ಎಳೆಯುತ್ತಾರೆ. ದಡಕ್ಕೆ ಬಿದ್ದ ಮೀನು ಬಾಯಿ ಬಿಟ್ಟಂತೆ. ನೋಡುವವರು ‘ಉಸಿರಾಡ್ತಿದ್ದಾರೆ’ ಎನ್ನುತ್ತಾರೆ, ಎದೆ ಒತ್ತುವ ಕೆಲಸ ಶುರುವಾಗುವುದೇ ಇಲ್ಲ. ಅದು ಉಸಿರಾಟವಲ್ಲ. ಅನುಮಾನ ಬಂದರೆ ಎದೆ ಮೇಲೇರಿದಾಗಲೆಲ್ಲ ಫೋನಿನಲ್ಲಿ ‘ಈಗ, ಈಗ’ ಎನ್ನುತ್ತಾ ಹೋಗಿ. ನಡುವಿನ ಅಂತರ ಕೇಳಿಯೇ ಆ ಕಡೆಯವರು ತಿಳಿಯುತ್ತಾರೆ.

ಎಚ್ಚರವಿಲ್ಲ, ಉಸಿರು ಸಹಜವಿಲ್ಲ ಎಂದಾದರೆ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲೆ, ತಲೆಯ ಪಕ್ಕ ಇಡಿ. ಎರಡೂ ಕೈ ಬೇಕು. ಮಂಚದ ಮೇಲಿದ್ದರೆ ಕೆಳಗೆ ಗಟ್ಟಿ ನೆಲಕ್ಕೆ ಎಳೆದುಕೊಳ್ಳಿ, ಹಾಸಿಗೆಯ ಮೇಲೆ ಒತ್ತಿದರೆ ಕುಗ್ಗುವುದು ಹಾಸಿಗೆ, ಎದೆಯಲ್ಲ. ಎದೆಯ ನಡುವೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ಮಡಿಸದೆ. ವಯಸ್ಕರಿಗೆ ಆಳ ಕನಿಷ್ಠ 5 ಸೆಂಟಿಮೀಟರ್, 6ನ್ನು ಮೀರದಂತೆ. ವೇಗ ನಿಮಿಷಕ್ಕೆ 100ರಿಂದ 120. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು, ಇಲ್ಲದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಗಟ್ಟಿಯಾಗಿ ಎಣಿಸುತ್ತಾ ಒತ್ತಿ. ನಿಮ್ಮ ಎಣಿಕೆ ಕೇಳಿ ಆ ಕಡೆಯವರು ‘ಇನ್ನೂ ಬೇಗ’ ಎನ್ನಬಲ್ಲರು. ಪಕ್ಕೆಲುಬು ಲಟಕ್ಕೆಂದರೆ ನಿಲ್ಲಿಸಬೇಡಿ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಕೈ ಬದಲಾಯಿಸಲಿ, ದಣಿದ ಕೈ ತನಗೆ ಗೊತ್ತಾಗದೆಯೇ ಮೇಲುಮೇಲೆ ಒತ್ತುತ್ತದೆ. ಎದೆ ಒತ್ತದೆ, ವಿದ್ಯುತ್ ಆಘಾತ ಕೊಡದೆ ಬಿಟ್ಟರೆ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಕಟ್ಟಡದಲ್ಲಿ ಎಇಡಿ (ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ) ಪೆಟ್ಟಿಗೆ ಇದ್ದರೆ ಓಡಿ ಹೋಗಿ ತರಲು ಒಬ್ಬರನ್ನು ಕಳಿಸಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ತರಬೇತಿ ಇಲ್ಲದವರು ಬರಿಯ ಒತ್ತುವಿಕೆಯನ್ನೇ ಮಾಡಲಿ. ಮಕ್ಕಳು ಮತ್ತು ನೀರಲ್ಲಿ ಮುಳುಗಿದವರ ವಿಷಯದಲ್ಲಿ ಉಸಿರೂ ಮುಖ್ಯ. ಹೇಗೆಂದು ಫೋನಿನಲ್ಲಿಯೇ ಹೇಳಿಕೊಡುತ್ತಾರೆ, ಕೇಳಿ.

ಉಳಿದವುಗಳಲ್ಲಿ ಯಾವುದಕ್ಕೆ ಯಾವ ವಿವರ ಬೇಕು ಎಂಬುದಷ್ಟೇ ಹೇಳುತ್ತೇವೆ. ಮುಖ ಒಂದು ಕಡೆ ಸೊಟ್ಟಗಾಗಿದೆ, ಒಂದು ಕೈ ಎತ್ತಲಾಗದು, ಮಾತು ತೊದಲುತ್ತಿದೆ ಎಂದರೆ ಪಾರ್ಶ್ವವಾಯು. ಅದರಲ್ಲಿ ಕೇಳುವ ಮುಖ್ಯ ಪ್ರಶ್ನೆ, ‘ಕೊನೆಯ ಸಲ ಚೆನ್ನಾಗಿದ್ದದ್ದನ್ನು ಯಾರು, ಎಷ್ಟು ಗಂಟೆಗೆ ನೋಡಿದ್ದು?’ ಬೆಳಿಗ್ಗೆ ಆರಕ್ಕೆ ಹಾಸಿಗೆಯಲ್ಲಿ ಹಾಗೆ ಕಂಡರು ಎಂದರೆ ಉತ್ತರ ಆರು ಗಂಟೆಯಲ್ಲ, ಹಿಂದಿನ ರಾತ್ರಿ ಮಲಗಿದ ಹೊತ್ತು. ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಅದನ್ನು ಎಣಿಸುವುದು ಅಲ್ಲಿಂದಲೇ. ಅಪಸ್ಮಾರವಾದರೆ ಗಡಿಯಾರ ನೋಡಿ ಎಷ್ಟು ಹೊತ್ತಿನಿಂದ ಎಂದು ಹೇಳಿ. ಐದು ನಿಮಿಷ ದಾಟಿದರೆ ಅಪಾಯ. ಬಾಯಿಗೆ ಏನನ್ನೂ ತುರುಕಬೇಡಿ. ವಿಷ ಸೇವಿಸಿದ್ದರೆ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಕರೆ ಮಾಡಿ, ಚೀಟಿಯ ಮೇಲಿನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ, ಎಷ್ಟು ಖಾಲಿಯಾಗಿದೆ, ಎಷ್ಟು ಹೊತ್ತಾಯಿತು ಹೇಳಿ. ವಾಂತಿ ಮಾಡಿಸಲು ಹೋಗಬೇಡಿ. ಆಸಿಡ್ ಮೇಲೆ ಬರುವಾಗ ಗಂಟಲನ್ನು ಇನ್ನೊಮ್ಮೆ ಸುಡುತ್ತದೆ, ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಬಲವಾಗಿ ಒತ್ತಿ ಹಿಡಿದು ಮಾತಾಡಿ, ಬಟ್ಟೆ ನೆನೆದರೆ ತೆಗೆಯದೆ ಅದರ ಮೇಲೆ ಇನ್ನೊಂದಿಡಿ. ಸುಟ್ಟ ಗಾಯಕ್ಕೆ ಹರಿಯುವ ತಣ್ಣೀರು, 20 ನಿಮಿಷ, ಐಸ್ ಬೇಡ. ಹೆರಿಗೆಯಾದರೆ ಎಷ್ಟು ತಿಂಗಳು, ಎಷ್ಟನೆಯ ಹೆರಿಗೆ, ನೋವು ಎಷ್ಟು ನಿಮಿಷಕ್ಕೊಮ್ಮೆ, ಮಗುವಿನ ತಲೆ ಕಾಣುತ್ತಿದೆಯೇ.

ಕೆಲವು ಕರೆಗಳನ್ನು ಘಟನೆಯ ಜಾಗದಲ್ಲಿ ನಿಂತು ಮಾಡಲೇಬಾರದು. ಬೆಂಕಿಯಾದರೆ ಮೊದಲು ಹೊರಗೆ ಬನ್ನಿ, ಬರುವಾಗ ಬಾಗಿಲು ಎಳೆದುಕೊಳ್ಳಿ, ಲಿಫ್ಟ್ ಬಿಡಿ, ಆಮೇಲೆ ಫೋನು. ಒಳಗೆ ಯಾರಿದ್ದಾರೆ, ಯಾವ ಕೋಣೆ, ಗ್ಯಾಸ್ ಸಿಲಿಂಡರ್ ಎಲ್ಲಿದೆ ಎಂಬುದು ಆಗ ಹೇಳಬೇಕಾದ್ದು. ಹೊರಬರಲು ದಾರಿಯಿಲ್ಲದೆ ಸಿಕ್ಕಿಕೊಂಡಿದ್ದರೆ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಟ್ಟಡದ ಯಾವ ಮುಖದ ಎಷ್ಟನೆಯ ಮಹಡಿಯ ಯಾವ ಕಿಟಕಿ ಎಂದು ಹೇಳಿ. ಗ್ಯಾಸ್ ಸೋರಿಕೆಯ ವಾಸನೆ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು, ದೂರ ನಿಂತು ಕರೆ ಮಾಡಿ. ಕರೆಂಟ್ ಹೊಡೆದವರನ್ನು ಮುಖ್ಯ ಸ್ವಿಚ್ ಆರಿಸುವವರೆಗೆ ಮುಟ್ಟಬೇಡಿ. ರಸ್ತೆಗೆ ಬಿದ್ದ ವಿದ್ಯುತ್ ತಂತಿಯಿಂದ ಕನಿಷ್ಠ 10 ಮೀಟರ್ ದೂರ. ತಂತಿ ಬಿದ್ದಿದೆ ಎಂಬುದನ್ನು ಕರೆಯಲ್ಲಿ ಹೇಳಲು ಮರೆತರೆ ಆಂಬುಲೆನ್ಸಿನವರೂ ಅದರ ಮೇಲೆಯೇ ನಡೆದು ಬರುತ್ತಾರೆ.

ಅಪಘಾತದ ಜಾಗದಲ್ಲಿ ನಲವತ್ತು ಜನ ಸೇರಿರುತ್ತಾರೆ, ನಲವತ್ತೂ ಜನ ‘ಯಾರೋ ಮಾಡಿರ್ತಾರೆ’ ಅಂದುಕೊಂಡಿರುತ್ತಾರೆ. ‘ಯಾರಾದ್ರೂ ಫೋನ್ ಮಾಡಿ’ ಎಂದು ಕೂಗಿದರೆ ಪ್ರಯೋಜನವಿಲ್ಲ. ಒಬ್ಬರತ್ತ ಬೆರಳು ಮಾಡಿ, ‘ಕೆಂಪು ಅಂಗಿಯವರೇ, ನೀವು ಫೋನ್ ಮಾಡಿ, ಮಾಡಿದ ಮೇಲೆ ನನಗೆ ಬಂದು ಹೇಳಿ’ ಎನ್ನಬೇಕು. ಕರೆ ಮಾಡುವವರು ಗಾಯಾಳು ಕಾಣುವಷ್ಟು ಹತ್ತಿರ ಇರಬೇಕು. ಎಷ್ಟು ವಾಹನ, ಎಷ್ಟು ಜನರಿಗೆ ಪೆಟ್ಟು, ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದಾರೆಯೇ, ಪೆಟ್ರೋಲ್ ಸೋರುತ್ತಿದೆಯೇ, ಟ್ಯಾಂಕರ್ ಆದರೆ ಅದರ ಮೈಮೇಲಿನ ಫಲಕದಲ್ಲಿ ಯಾವ ಅಂಕಿ ಇದೆ? ಸಿಕ್ಕಿಕೊಂಡಿದ್ದಾರೆ ಎಂದರೆ ಆಂಬುಲೆನ್ಸ್ ಒಂದೇ ಸಾಲದು, ಲೋಹ ಕತ್ತರಿಸುವ ಸಲಕರಣೆಯವರೂ ಬೇಕು. ಆ ಒಂದು ಮಾತು ಬಿಟ್ಟುಹೋದರೆ ಎರಡನೆಯ ತಂಡ ಹೊರಡುವುದು ಮೊದಲನೆಯದು ಬಂದು ನೋಡಿದ ಮೇಲೆ. ನಡುವೆ ಫೋನನ್ನು ಕೈಯಿಂದ ಕೈಗೆ ದಾಟಿಸಬೇಡಿ. ಹೊಸಬರು ಕಥೆಯನ್ನು ಮೊದಲಿಂದ ಶುರು ಮಾಡುತ್ತಾರೆ.

ಮಾತಾಡಿದರೆ ಪ್ರಾಣಕ್ಕೆ ಸಂಚಕಾರ ಎನ್ನುವ ಸಂದರ್ಭವೂ ಬರಬಹುದು, ಮನೆಗೆ ಕಳ್ಳ ನುಗ್ಗಿದಾಗ ಅಥವಾ ಹೊಡೆಯುವವರು ಪಕ್ಕದ ಕೋಣೆಯಲ್ಲಿಯೇ ಇದ್ದಾಗ. ಕರೆ ಮಾಡಿ, ಲೈನ್ ತೆರೆದಿಡಿ. ಆ ಕಡೆಯವರು ‘ಹೌದಾದರೆ ಒಮ್ಮೆ ತಟ್ಟಿ’ ಎನ್ನಬಹುದು, ಕೆಮ್ಮಲು ಹೇಳಬಹುದು. ಬ್ರಿಟನ್ನಿನಲ್ಲಿ ಮೊಬೈಲಿನಿಂದ 999ಕ್ಕೆ ಮಾಡಿ, ಸೂಚನೆ ಬಂದಾಗ 55 ಒತ್ತಿದರೆ ಮೌನದ ಕರೆ ಪೊಲೀಸರಿಗೆ ಹೋಗುತ್ತದೆ. ಏನೂ ಒತ್ತದ ಮೌನವನ್ನು ಜೇಬಿನೊಳಗೆ ತಾನಾಗಿ ಒತ್ತಿಹೋದ ಕರೆಯಿಂದ ಬೇರ್ಪಡಿಸುವುದು ಕಷ್ಟ. ಪಿಸುಮಾತಿಗೆ ಅವಕಾಶವಿದ್ದರೆ ಅದನ್ನು ವಿಳಾಸಕ್ಕೇ ಬಳಸಿ.

ಫೋನ್ ಇಡುವುದು ಅವರು ‘ಇಡಿ’ ಎಂದ ಮೇಲೆ. ವಿಳಾಸ ಹೇಳಿ ಟಪಕ್ಕನೆ ಇಟ್ಟುಬಿಡುವವರೇ ಹೆಚ್ಚು. ಇಟ್ಟ ಮರುಕ್ಷಣ ಅಣ್ಣನಿಗೆ, ಭಾವನಿಗೆ, ಚಿಕ್ಕಪ್ಪನಿಗೆ ಕರೆ ಶುರು. ದಾರಿ ಕೇಳಲು ಚಾಲಕರು ಮಾಡಿದರೆ ಬರೀ ಎಂಗೇಜ್. ನೆಂಟರಿಗೆ ಬೇರೆ ಫೋನಿನಿಂದ ತಿಳಿಸಿ. ಗೊತ್ತಿಲ್ಲದ ಸಂಖ್ಯೆಯಿಂದ ಬರುವ ಕರೆಯನ್ನು ಆ ಒಂದು ಗಂಟೆ ತೆಗೆದುಕೊಳ್ಳಲೇಬೇಕು. ಫೋನು ಸೈಲೆಂಟ್ ಇದೆಯೇ ನೋಡಿ. ಒಬ್ಬರು ರಸ್ತೆಯ ತಿರುವಿಗೆ ಹೋಗಿ ಟಾರ್ಚ್ ಹಿಡಿದು ನಿಲ್ಲಲಿ, ಗೇಟಿನ ಬೀಗ ತೆಗೆಯಲಿ, ನಾಯಿ ಕಟ್ಟಲಿ, ಲಿಫ್ಟನ್ನು ಕೆಳಗೆ ಹಿಡಿದಿಡಲಿ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸದಿದ್ದರೆ ಅದನ್ನೂ ಮೊದಲೇ ಹೇಳಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಡಿ. ಎಲ್ಲರೂ ರಕ್ತದ ಗುಂಪನ್ನು ಬರೆದಿಟ್ಟುಕೊಳ್ಳುತ್ತಾರೆ. ಆಸ್ಪತ್ರೆಯವರು ಅದನ್ನು ಹೇಗೂ ಮತ್ತೆ ಪರೀಕ್ಷಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ, ಸಕ್ಕರೆ ಕಾಯಿಲೆ, ಇವು ಹೆಚ್ಚು ಉಪಯೋಗದ ಮಾಹಿತಿ. ಫೋನಿನ ಲಾಕ್ ಪರದೆಯ ವೈದ್ಯಕೀಯ ವಿವರದಲ್ಲಿ ತುಂಬಿಡಬಹುದು. ಸ್ಥಿತಿ ಬಿಗಡಾಯಿಸಿದರೆ ಮತ್ತೆ ಕರೆ ಮಾಡಿ. ಕಾಯಲಾಗದೆ ಸ್ವಂತ ಗಾಡಿಯಲ್ಲಿ ಹೊರಟರೂ ಮತ್ತೆ ಕರೆ ಮಾಡಿ. ಖಾಲಿ ಮನೆಯ ಬಾಗಿಲು ತಟ್ಟುವ ಆಂಬುಲೆನ್ಸ್ ಇನ್ನೊಬ್ಬರಿಗೆ ಸಿಗಬೇಕಾದ್ದು.

ತಪ್ಪಾಗಿ ಒತ್ತಿಹೋದರೆ ಹೆದರಿ ಕಟ್ ಮಾಡಬೇಡಿ, ‘ಕೈತಪ್ಪಿ ಬಂತು’ ಎಂದು ಹೇಳಿ. ಹೇಳದೆ ಇಟ್ಟರೆ ಅಪಾಯದಲ್ಲಿರಬಹುದೆಂದು ತಿರುಗಿ ಕರೆಯುತ್ತಾರೆ, ಆ ಹೊತ್ತಿಗೆ ಇನ್ನೊಂದು ನಿಜವಾದ ಕರೆ ಕಾಯುತ್ತಿರುತ್ತದೆ. ಪಕ್ಕದ ಗುಂಡಿಯನ್ನು ಐದು ಸಲ ಒತ್ತಿದರೆ ತಾನಾಗಿ ತುರ್ತು ಕರೆ ಹೋಗುವ ಸೌಲಭ್ಯ ಹಲವು ಫೋನುಗಳಲ್ಲಿದೆ. ನಿಮ್ಮದರಲ್ಲಿ ಹೇಗೆ ಎಂದು ತಿಳಿದುಕೊಳ್ಳಿ. ಮಗುವಿಗೆ ಆಟಕ್ಕೆ ಹಳೆಯ ಫೋನ್ ಕೊಡುವವರು ಬ್ಯಾಟರಿ ತೆಗೆದು ಕೊಡಲಿ. ಇನ್ನು ಮಕ್ಕಳಿಗೆ ಸಂಖ್ಯೆ ಕಲಿಸುವಾಗ ‘ನೂರಾ ಹನ್ನೆರಡು’ ಎನ್ನಬೇಡಿ. ಫೋನಿನಲ್ಲಿ ಹನ್ನೆರಡು ಎಂಬ ಗುಂಡಿ ಇಲ್ಲ, ಮಗು ಅದನ್ನೇ ಹುಡುಕುತ್ತಾ ಕೂರುತ್ತದೆ. ‘ಒಂದು, ಒಂದು, ಎರಡು’ ಎಂದು ಕಲಿಸಿ. ಅಪ್ಪ ಅಮ್ಮನ ನಿಜವಾದ ಹೆಸರು, ಮನೆ ನಂಬರ್, ಲಾಕ್ ಆದ ಫೋನಿನಿಂದ ಕರೆ ಮಾಡುವ ಬಗೆ, ಇಷ್ಟು ಐದು ವರ್ಷದ ಮಗುವಿಗೂ ಬರುತ್ತದೆ.

ಕೊನೆಗೆ ತಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ತುರ್ತು ಸಂಖ್ಯೆಗಳ ಪಟ್ಟಿ ಅಚ್ಚು ಮಾಡುವಾಗ ಅದರ ಕೆಳಗೆ ಕೈಯಳತೆಯ ಒಂದು ಖಾಲಿ ಚೌಕ ಬಿಡಿ. ಅದರಲ್ಲಿ ಎಂಟು ಗೆರೆಗಳಿರಲಿ: ಊರು ಮತ್ತು ಪಿನ್ ಕೋಡ್, ರಸ್ತೆ, ಮನೆ ನಂಬರ್, ಎಷ್ಟು ಮೆಟ್ಟಿಲಸಾಲು, ಮುಖ್ಯರಸ್ತೆಯಿಂದ ಬರುವ ದಾರಿ, ರಾತ್ರಿಯೂ ಕಾಣುವ ಗುರುತು, ಅಕ್ಷಾಂಶ ರೇಖಾಂಶ, ಪಕ್ಕದ ಮನೆಯವರ ಫೋನ್ ಸಂಖ್ಯೆ. ಓದುಗರು ತುಂಬಿ, ಕತ್ತರಿಸಿ, ಬಾಗಿಲ ಹಿಂದೆ ಅಂಟಿಸಿಕೊಳ್ಳಲಿ. ಮನೆಗೆ ಬಂದ ನೆಂಟರಾಗಲಿ, ಮಗು ನೋಡಿಕೊಳ್ಳುವವರಾಗಲಿ, ವಿಳಾಸವೇ ಗೊತ್ತಿಲ್ಲದವರು ಕೂಡ ಅದನ್ನು ನೋಡಿ ಓದಿದರಾಯಿತು.

ಇತಿ,
ತುರ್ತು ಕರೆಯ ಕೆಲಸ ಬಲ್ಲ ಕೆಲವರು